ಓರೆ ಬುಟ್ಟಿ, ವಾಲಿದ ಬಾಟಲಿ: ಸೆಜಾನ್ ದಾರಿಯಲ್ಲಿ ಸೇಬು ಬಿಡಿಸುವುದು ಹೇಗೆ

ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಇದ್ದವರಿಗೆಲ್ಲ ಇದು ಗೊತ್ತು. ಮೇಜಿನ ಮೇಲೆ ಒಂದು ಬಿಂದಿಗೆ, ಪಕ್ಕದಲ್ಲಿ ಎರಡು ಹಣ್ಣು, ಹಿಂದೆ ಒಂದು ಬಟ್ಟೆ. ಮೇಷ್ಟ್ರು ಹಿಂದಿನಿಂದ ಬಂದು, 'ಬಿಂದಿಗೆ ಸೊಟ್ಟ ಆಗಿದೆ, ಮಧ್ಯಕ್ಕೊಂದು ಗೆರೆ ಎಳ್ಕೊಂಡು ಎರಡೂ ಕಡೆ ಸಮ ಮಾಡು' ಅಂತ ಹೇಳಿ ಮುಂದೆ ಹೋಗುತ್ತಿದ್ದರು. ನಾನೂ ಸಮ ಮಾಡಿದೆ. ವರ್ಷಗಟ್ಟಲೆ ಸಮ ಮಾಡಿದೆ.

ಆಮೇಲೆ ಒಂದು ದಿನ ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್‌ನ 'ಸೇಬಿನ ಬುಟ್ಟಿ' ಕಣ್ಣಿಗೆ ಬಿತ್ತು. ಬಾಟಲಿ ಎಡಕ್ಕೆ ವಾಲಿದೆ. ಅದರ ಎರಡು ಹೆಗಲು ಸಮ ಇಲ್ಲ. ಬುಟ್ಟಿ ಇನ್ನೇನು ಮಗುಚಿಕೊಳ್ಳುತ್ತದೆ ಅನ್ನುವ ಹಾಗಿದೆ. ನಮ್ಮ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಹತ್ತಕ್ಕೆ ಮೂರು ಕೊಡುತ್ತಿದ್ದರೇನೋ. ಆದರೆ ಆ ಸೇಬುಗಳು ಮೇಜಿನ ಮೇಲೆ ಎಷ್ಟು ಭಾರವಾಗಿ ಕೂತಿವೆ ಅಂದರೆ, ನನ್ನ ಸಮವಾದ ಬಿಂದಿಗೆಗಳೆಲ್ಲ ಅದರ ಮುಂದೆ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಂಡವು.

ಮನೆಯಲ್ಲೇ ಒಂದಿಷ್ಟು ಹಣ್ಣು, ಪಾತ್ರೆ ಜೋಡಿಸಿ ಆ ದಾರಿಯಲ್ಲಿ ಬಿಡಿಸಿ ನೋಡೋಣ ಅನ್ನುವವರಿಗೆ ಈ ಬರಹ. ಸೆಜಾನ್ ಚಿತ್ರದ ನಕಲು ಮಾಡುವುದಲ್ಲ, ಆತ ಕೆಲಸ ಮಾಡಿದ ರೀತಿಯಲ್ಲಿ ನಮ್ಮ ಮೇಜನ್ನು ಬಿಡಿಸುವುದು. ಒಂದೂವರೆ ಗಂಟೆಯಂತೆ ಐದಾರು ದಿನ ಬೇಕು. ಒಂದೇ ಭಾನುವಾರದಲ್ಲಿ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ದಿನ ಬಣ್ಣ ಮುಟ್ಟಬೇಡಿ

'ಸೇಬಿನ ಬುಟ್ಟಿ' ಸುಮಾರು 1893ರ ತೈಲಚಿತ್ರ. ಅಗಲ 80 ಸೆಂಟಿಮೀಟರ್, ಎತ್ತರ 65. ಅಂದರೆ ದೊಡ್ಡ ಚಿತ್ರವೇನಲ್ಲ. 1926ರಿಂದ ಅಮೆರಿಕದ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋದಲ್ಲಿದೆ. ಆ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಚಿತ್ರವನ್ನು ಚೆನ್ನಾಗಿ ದೊಡ್ಡದು ಮಾಡಿ ನೋಡಬಹುದು. ಕಂಪ್ಯೂಟರಿನಲ್ಲೋ ಟಿವಿಯಲ್ಲೋ ನೋಡಿ, ಫೋನಿನಲ್ಲಿ ಬೇಡ.

ಈಗ ಒಂದು ಉದ್ದನೆ ಸ್ಕೇಲ್ ತೆಗೆದುಕೊಳ್ಳಿ. ಮೇಜಿನ ಮುಂದಿನ ಅಂಚು ಎಡಗಡೆ ಕಾಣುತ್ತದಲ್ಲ, ಅದರ ಮೇಲೆ ಸ್ಕೇಲ್ ಇಟ್ಟು ಬಲಗಡೆವರೆಗೂ ನೇರವಾಗಿ ಹಿಡಿಯಿರಿ. ಬಲಗಡೆಯ ಅಂಚು ಅದಕ್ಕೆ ಕೂಡುವುದಿಲ್ಲ. ಎರಡು ಬೇರೆ ಬೇರೆ ಮೇಜುಗಳ ಹಾಗಿದೆ. ಮಧ್ಯದಲ್ಲಿ ಬಿಳಿ ಬಟ್ಟೆ ಇಳಿಬಿದ್ದಿರುವುದರಿಂದ ಕೂಡುವ ಜಾಗ ನಮಗೆ ಕಾಣುವುದೇ ಇಲ್ಲ. ನೂರು ಸಲ ನೋಡಿದವರಿಗೂ ಸ್ಕೇಲ್ ಇಡುವ ತನಕ ಇದು ಗೊತ್ತಾಗದೆ ಇರಬಹುದು.

ಆಮೇಲೆ ತಟ್ಟೆಯ ಕಡೆ ಬನ್ನಿ. ಅದರ ಮೇಲೆ ಬಿಸ್ಕತ್ತುಗಳನ್ನು ಅಡ್ಡಡ್ಡ ಪೇರಿಸಿದ್ದಾನೆ. ಇಂಗ್ಲಿಷಿನಲ್ಲಿ ಇವಕ್ಕೆ ಲೇಡಿಫಿಂಗರ್ ಅನ್ನುತ್ತಾರೆ. ನಮಗೆ ಆ ಹೆಸರು ಕೇಳಿದರೆ ಬೆಂಡೆಕಾಯಿ ನೆನಪಾಗುತ್ತದೆ, ಆದರೆ ಇದು ಬೆರಳುದ್ದದ ಮೆತ್ತನೆ ಬಿಸ್ಕತ್ತು. ಕೆಳಗಿನವು ಪಕ್ಕದಿಂದ ನೋಡಿದ ಹಾಗಿವೆ, ಮೇಲಿನವು ಮೇಲಿನಿಂದ ಬಗ್ಗಿ ನೋಡಿದ ಹಾಗಿವೆ. ಒಂದೇ ತಟ್ಟೆಯಲ್ಲಿ ಎರಡು ನೋಟ. ಬುಟ್ಟಿಯ ಬುಡ ನೋಡಿ: ಅದು ಸುಮ್ನೆ ವಾಲಿಲ್ಲ, ಕೆಳಗೆ ಹಲಗೆಯಂಥ ಏನೋ ಕೊಟ್ಟು ಎತ್ತಿ ಕೂರಿಸಿದ್ದಾನೆ.

ಕೈ ತಪ್ಪಿ ಹೀಗಾಯಿತೇ? ಸೆಜಾನ್ ತನ್ನ ಚಿತ್ರಗಳಿಗೆ ಸಹಿ ಹಾಕುತ್ತಿದ್ದುದೇ ಅಪರೂಪ. ಇದಕ್ಕೆ ಹಾಕಿದ್ದಾನೆ. 1895ರಲ್ಲಿ ಪ್ಯಾರಿಸ್ಸಿನ ವ್ಯಾಪಾರಿ ಆಂಬ್ರ್ವಾಸ್ ವೊಲಾರ್ ತನ್ನ ಗ್ಯಾಲರಿಯಲ್ಲಿ ಸೆಜಾನ್ ಒಬ್ಬನದೇ ಪ್ರದರ್ಶನ ಮಾಡಿಸಿದಾಗ ಇದೂ ಅಲ್ಲಿತ್ತು. ಆಗ ಸೆಜಾನ್‌ಗೆ 56 ವರ್ಷ, ಆತನೊಬ್ಬನದೇ ಅಂತ ಆದ ಮೊದಲ ಪ್ರದರ್ಶನ ಅದು. ಆ ವಯಸ್ಸಿನಲ್ಲಿ ತಪ್ಪಿಗೆ ಯಾರೂ ಸಹಿ ಹಾಕಿ ಕಳಿಸುವುದಿಲ್ಲ.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ನಾವು ಶಾಲೆಯಲ್ಲಿ ಕಲಿಯುವ, ಚಿತ್ರದಲ್ಲಿ ದೂರ ಹತ್ತಿರ ತೋರಿಸುವ ಪರ್ಸ್‌ಪೆಕ್ಟಿವ್‌ಗೆ ಒಂದೇ ಕಣ್ಣು, ಅದೂ ಗೋಡೆಗೆ ಮೊಳೆ ಹೊಡೆದ ಹಾಗೆ ಅಲುಗದ ಕಣ್ಣು ಬೇಕು. ಆದರೆ ಒಂದು ಚಿತ್ರಕ್ಕೆ ದಿನಗಟ್ಟಲೆ ಕೂತವನ ತಲೆ ಅಲುಗುತ್ತದೆ, ಬಾಗುತ್ತದೆ. ಬುಟ್ಟಿ ನೋಡುವಾಗ ಒಂದು ಕಡೆ, ತಟ್ಟೆ ನೋಡುವಾಗ ಇನ್ನೊಂದು ಕಡೆ. ಸೆಜಾನ್ ಆ ನೋಟಗಳನ್ನೆಲ್ಲ ಒಂದು ಮಾಡಿ ತಿದ್ದಲಿಲ್ಲ. ಹಾಗಾಗಿ ಸೊಟ್ಟತನ ಆತ ಮೇಲಿಂದ ಹಚ್ಚಿದ ಸ್ಟೈಲ್ ಅಲ್ಲ, ತುಂಬಾ ಹೊತ್ತು ನೋಡಿದ್ದಕ್ಕೆ ಸಿಕ್ಕಿದ ಫಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನ ಹಂತಗಳೆಲ್ಲ ಸುಲಭ. ಬೇಕಂತಲೇ ಸೊಟ್ಟ ಬಿಡಿಸಿದರೆ ಅದು ತಮಾಷೆ ಚಿತ್ರ ಆಗುತ್ತದೆ, ಅಷ್ಟೇ.

ಅಂದಹಾಗೆ, ಈಗ ಸೆಜಾನ್‌ಗೆ ಅಂಟಿಸುವ 'ಪೋಸ್ಟ್ ಇಂಪ್ರೆಶನಿಸ್ಟ್' (ಇಂಪ್ರೆಶನಿಸ್ಟರ ನಂತರದವನು) ಅನ್ನುವ ಹಣೆಪಟ್ಟಿಯನ್ನು ಆತ ಕೇಳಿಯೇ ಇರಲಿಲ್ಲ. ಆತ ತೀರಿಕೊಂಡದ್ದು 1906ರಲ್ಲಿ. ಇಂಗ್ಲಿಷ್ ಕಲಾ ವಿಮರ್ಶಕ ರಾಜರ್ ಫ್ರೈ ಲಂಡನ್ನಿನ ಪ್ರದರ್ಶನಕ್ಕೆ ಆ ಹೆಸರು ಕೊಟ್ಟದ್ದು 1910ರಲ್ಲಿ.

ಸಾಮಾನು ಕೂಡಿಸುವುದು

ಸೇಬೇ ಯಾಕೆ? ಸೇಬು ಕಾಯುತ್ತದೆ. ಸೆಜಾನ್ ಎಷ್ಟು ನಿಧಾನ ಅಂದರೆ, 1899ರಲ್ಲಿ ವೊಲಾರ್‌ನ ಭಾವಚಿತ್ರಕ್ಕೆ 115 ಸಲ ಕೂರಿಸಿದನಂತೆ. ಒಂದು ದಿನ ತೂಕಡಿಸಿ ಬಿದ್ದ ವೊಲಾರ್‌ಗೆ, ಸೇಬಿನ ಹಾಗೆ ಕೂರಬೇಕು, ಸೇಬು ಅಲುಗುತ್ತದೆಯೇ ಅಂತ ಬೈದನಂತೆ. ಇದನ್ನು ವೊಲಾರ್ ತಾನೇ ಬರೆದುಕೊಂಡಿದ್ದಾನೆ, ಸ್ವಲ್ಪ ಉಪ್ಪುಖಾರ ಸೇರಿಸಿರಲೂಬಹುದು.

ಏಳರಿಂದ ಒಂಬತ್ತು ಹಣ್ಣು ಸಾಕು. ಅಂಗಡಿಯಲ್ಲಿ ಮೇಣ ಹಚ್ಚಿ ಮಿರಮಿರ ಮಿಂಚುವ ಸೇಬು ಸಿಗುತ್ತದಲ್ಲ, ಅದು ಬೇಡ. ಮಿಂಚು ಇದ್ದರೆ ಕಣ್ಣು ಬೆಳಕಿನ ಚುಕ್ಕಿಯನ್ನೇ ನೋಡುತ್ತದೆ, ಹಣ್ಣಿನ ಬಣ್ಣ ತಪ್ಪಿಹೋಗುತ್ತದೆ. ಗಾಡಿಯವರ ಹತ್ತಿರ ಸಣ್ಣದು, ಸೊಟ್ಟದು, ಅರ್ಧ ಕೆಂಪು ಅರ್ಧ ಹಳದಿ ಇರುವುದನ್ನು ಆರಿಸಿಕೊಳ್ಳಿ. ಒಂದೆರಡು ಹಸಿರೂ ಇರಲಿ. ಮಿಂಚುವುದೇ ಸಿಕ್ಕಿದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರಟು ಬಟ್ಟೆಯಲ್ಲಿ ಒರೆಸಿ. ಸ್ಟಿಕರ್ ತೆಗೆಯುವುದು ಮರೆಯಬೇಡಿ, ನಾನು ಮರೆತು ಒಂದು ಸಲ ಸ್ಟಿಕರನ್ನೂ ಬಿಡಿಸಿದ್ದೇನೆ.

ಸೇಬು ದುಬಾರಿ ಅನ್ನಿಸಿದರೆ ಈರುಳ್ಳಿ. ಇದು ರಾಜಿ ಅಲ್ಲ, ಸೆಜಾನ್ ಈರುಳ್ಳಿಯನ್ನೂ ಬಿಡಿಸಿದ್ದಾನೆ, ಆ ಚಿತ್ರ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಕಿತ್ತಳೆ, ಮೂಸಂಬಿ, ಸೀಬೆ, ದಾಳಿಂಬೆ ಎಲ್ಲ ಆಗುತ್ತದೆ. ಬಾಳೆಹಣ್ಣು ಎರಡೇ ದಿನಕ್ಕೆ ಕಪ್ಪಾಗುತ್ತದೆ, ಬೇಡ.

ಉಳಿದದ್ದು: ಲೇಬಲ್ ಕಿತ್ತ ಒಂದು ಗಾಢ ಬಣ್ಣದ ಬಾಟಲಿ, ಒಂದು ಬೆತ್ತದ ಅಥವಾ ಬಿದಿರಿನ ಬುಟ್ಟಿ, ಒಂದು ತಟ್ಟೆ, ಒಂದು ದಪ್ಪನೆ ಬಿಳಿ ಬಟ್ಟೆ. ಹಳೆಯ ಬೆಡ್‌ಶೀಟ್ ಅಥವಾ ಖಾದಿ ಪಂಚೆ ಒಳ್ಳೆಯದು, ತೆಳು ಬಟ್ಟೆ ನೆರಿಗೆ ನಿಲ್ಲಿಸುವುದಿಲ್ಲ. ತಟ್ಟೆಯಲ್ಲಿ ಪೇರಿಸಲು ರಸ್ಕ್ ಇಡಬಹುದು. ಇಟ್ಟರೆ ಮೇಜಿನ ಕಾಲುಗಳ ಸುತ್ತ ಇರುವೆ ಚಾಕ್ ಎಳೆಯಿರಿ.

ಸ್ಟೀಲ್ ಪಾತ್ರೆ ಮಾತ್ರ ಈಗಲೇ ಬೇಡ. ಸ್ಟೀಲ್ ಚೊಂಬು ಇಟ್ಟರೆ ಅದರೊಳಗೆ ಫ್ಯಾನು, ಕಿಟಕಿ, ನಿಮ್ಮ ಮುಖ ಎಲ್ಲ ಬಂದು ಕೂರುತ್ತವೆ. ಅದು ಎರಡನೇ ವರ್ಷದ ಪಾಠ.

ಹೊಸದು ಏನನ್ನೂ ಕೊಳ್ಳಬೇಡಿ. ಸೆಜಾನ್ ಅವೇ ನಾಲ್ಕಾರು ಸಾಮಾನುಗಳನ್ನು ವರ್ಷಾನುಗಟ್ಟಲೆ ಬಿಡಿಸಿದವನು: ಒಂದು ಶುಂಠಿ ಜಾಡಿ, ಒಂದು ಹೂಜಿ, ಕೈ ಮುರಿದ ಒಂದು ಪ್ಲಾಸ್ಟರ್ ಕ್ಯುಪಿಡ್ (ರೋಮನ್ನರ ಪ್ರೇಮದೇವತೆಯ ಮೂರ್ತಿ). ಫ್ರಾನ್ಸಿನ ದಕ್ಷಿಣದಲ್ಲಿ ಆತನ ಊರು ಎಕ್ಸ್-ಆನ್-ಪ್ರೊವಾನ್ಸ್. ಅಲ್ಲಿ ಲೆ ಲೋವ್ ಅನ್ನುವ ಗುಡ್ಡದ ಮೇಲೆ ಆತ ಕಟ್ಟಿಸಿ, 1902ರಿಂದ ಕೆಲಸ ಮಾಡಿದ ಸ್ಟುಡಿಯೋ ಈಗ ಮ್ಯೂಸಿಯಂ. ಆ ಜಾಡಿಗಳು ಅಲ್ಲಿವೆ.

ನಾಣ್ಯದ ಕೆಲಸ

ಚಿತ್ರದ ಅರ್ಧ ಕೆಲಸ ಮೇಜಿನ ಮೇಲೆಯೇ ಆಗುತ್ತದೆ. ನಾನು ಮೊದಲ ಸಲ ಹತ್ತು ನಿಮಿಷದಲ್ಲಿ ಜೋಡಿಸಿದೆ, ಐದು ಸೇಬು ಸಾಲಾಗಿ ರೇಷನ್ ಅಂಗಡಿ ಕ್ಯೂ ಹಾಗೆ ನಿಂತವು. ಚಿತ್ರವೂ ಹಾಗೇ ಬಂತು. ಈಗ ಜೋಡಿಸುವುದಕ್ಕೇ ಪೂರ್ತಿ ಒಂದು ದಿನ ಇಟ್ಟುಕೊಳ್ಳುತ್ತೇನೆ.

ಸೆಜಾನ್ ಹೇಗೆ ಜೋಡಿಸುತ್ತಿದ್ದ ಅನ್ನುವುದನ್ನು ಲೂಯಿ ಲ ಬೈಲ್ ಅನ್ನುವ ಕಿರಿಯ ಕಲಾವಿದ ಕಣ್ಣಾರೆ ಕಂಡು ಹೇಳಿದ್ದಾನೆ. ಮೊದಲು ಬಟ್ಟೆ ಹಾಸಿ, ಆಮೇಲೆ ಹಣ್ಣುಗಳನ್ನು ಕೆಂಪಿಗೆ ಎದುರಾಗಿ ಹಸಿರು, ನೀಲಿಗೆ ಎದುರಾಗಿ ಹಳದಿ ಅಂತ ಇಡುತ್ತಿದ್ದನಂತೆ. ಇಟ್ಟು ಸುಮ್ಮನಾಗುವುದಲ್ಲ. ಬೇಕಾದ ಹಾಗೆ ಓರೆ ಮಾಡಿ, ತಿರುಗಿಸಿ, ಅಡಿಗೆ ಒಂದೆರಡು ಸೂ ನಾಣ್ಯ ಕೊಟ್ಟು ನಿಲ್ಲಿಸುತ್ತಿದ್ದನಂತೆ. ಸೂ ಅಂದರೆ ಅಲ್ಲಿನ ಚಿಲ್ಲರೆ ಕಾಸು.

ಇದನ್ನು ಮಾಡಿ ನೋಡದೆ ಅರ್ಥ ಆಗುವುದಿಲ್ಲ. ಒಂದು ಸೇಬನ್ನು ಮೇಜಿನ ಮೇಲೆ ಸುಮ್ನೆ ಇಡಿ. ಅದು ತನ್ನ ಅಗಲ ಬುಡದ ಮೇಲೆ ಕೂತು, ತೊಟ್ಟು ನೆಟ್ಟಗೆ ಮೇಲೆ ಮಾಡುತ್ತದೆ. ಒಂಬತ್ತು ಸೇಬು ಇಟ್ಟರೆ ಒಂಬತ್ತೂ ಹಾಗೇ. ಈಗ ಒಂದರ ಹಿಂದಿನ ಬುಡಕ್ಕೆ ಎರಡು ರೂಪಾಯಿ ನಾಣ್ಯ ಸೇರಿಸಿ. ಸೇಬು ನಿಮ್ಮ ಕಡೆ ತಲೆ ಬಾಗಿಸುತ್ತದೆ. ತೊಟ್ಟಿನ ಗುಳಿ ಕಾಣುತ್ತದೆ, ಅದರೊಳಗಿನ ಹಸಿರು ಕಾಣುತ್ತದೆ. ಇನ್ನೊಂದಕ್ಕೆ ಪಕ್ಕದಲ್ಲಿ ಕೊಡಿ, ಅದು ಪಕ್ಕದ ಹಣ್ಣಿಗೆ ಒರಗುತ್ತದೆ. ದಪ್ಪನೆಯ ಹಳೆಯ ಐದು ರೂಪಾಯಿ ನಾಣ್ಯ ಈ ಕೆಲಸಕ್ಕೆ ಬಹಳ ಒಳ್ಳೆಯದು. ಎರಡು ಮಿಲಿಮೀಟರಿನ ಓರೆಗೆ ಇಡೀ ಗುಂಪಿನ ಮಾತುಕತೆ ಬದಲಾಗುತ್ತದೆ.

ಬುಟ್ಟಿಯ ಹಿಂಬದಿಗೆ ಒಂದು ದಪ್ಪ ಪುಸ್ತಕವನ್ನೋ ಮರದ ತುಂಡನ್ನೋ ಕೊಡಿ. ಹಣ್ಣು ಉರುಳದಷ್ಟು, ಆದರೆ ಉರುಳಬಹುದು ಅನ್ನಿಸುವಷ್ಟು ಓರೆ ಇರಲಿ. ಬುಟ್ಟಿಯೊಳಗೆ ತಳದಲ್ಲಿ ಹಳೇ ಟವೆಲ್ ತುರುಕಿದರೆ ಕಡಿಮೆ ಹಣ್ಣಿಗೇ ತುಂಬಿದ ಹಾಗೆ ಕಾಣುತ್ತದೆ.

ಬಟ್ಟೆಗೆ ಇಸ್ತ್ರಿ ಬೇಡ. ಮಧ್ಯದಲ್ಲಿ ಹಿಡಿದೆತ್ತಿ ಬಿಡಿ, ಬಿದ್ದ ಹಾಗೆ ಬೀಳಲಿ. ಆಮೇಲೆ ಬೆರಳಿನಿಂದ ಎರಡು ಮೂರು ದೊಡ್ಡ ನೆರಿಗೆ ಎಬ್ಬಿಸಿ. ಗಂಜಿ ಹಾಕಿದ ಬಟ್ಟೆಯಾದರೆ ನೆರಿಗೆ ಗುಡ್ಡದ ಹಾಗೆ ನಿಲ್ಲುತ್ತದೆ. ಎರಡು ಸೇಬನ್ನು ಆ ಗುಡ್ಡದ ಕಣಿವೆಯಲ್ಲಿ ಇಡಿ. ಒಂದು ತುದಿ ಮೇಜಿನ ಮುಂದಿನ ಅಂಚಿನ ಮೇಲೆ ಇಳಿಬೀಳಲೇಬೇಕು. ಮೇಜಿನ ಗುಟ್ಟು ಮುಚ್ಚುವುದು ಅದೇ.

ಬೆಳಕು ಒಂದೇ ಕಡೆಯಿಂದ ಬರಲಿ, ಎಡಗಡೆ ಕಿಟಕಿ ಇದ್ದರೆ ಸಾಕು. ಲೆ ಲೋವ್ ಸ್ಟುಡಿಯೋದಲ್ಲಿ ಉತ್ತರಕ್ಕೆ ದೊಡ್ಡ ಕಿಟಕಿ ಇದೆ, ಉತ್ತರದ ಬೆಳಕು ಜಾಸ್ತಿ ಅಲುಗುವುದಿಲ್ಲ. ನಿಮಗೆ ಪೂರ್ವದ ಕಿಟಕಿಯೇ ಇದ್ದರೆ ದಿನಾ ಅದೇ ಹೊತ್ತಿಗೆ ಕೂತುಕೊಳ್ಳಿ. ಟ್ಯೂಬ್‌ಲೈಟ್ ಆರಿಸಿ.

ಕೊನೆಗೆ ಮೇಜಿನ ಕಾಲಿಗೂ ನಿಮ್ಮ ಕುರ್ಚಿಯ ಕಾಲಿಗೂ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಮನೆಯವರಿಗೆಲ್ಲ ಹೇಳಿ. ನಾನು ಹೇಳದೆ ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಬಟ್ಟೆ ನಾಲ್ಕು ಮಡಿಕೆಯಾಗಿ ಬೀರುವಿನಲ್ಲಿ, ಸೇಬು ಫ್ರಿಜ್‌ನಲ್ಲಿ, ನಾಣ್ಯ ದೇವರ ಹುಂಡಿಯಲ್ಲಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಇಂಥ ಅನಾಹುತಕ್ಕೆ ಬೇಕಾಗುತ್ತದೆ. ಆದರೆ ಫೋಟೋ ನೋಡಿ ಬಿಡಿಸಬೇಡಿ. ಕ್ಯಾಮೆರಾಕ್ಕೆ ಒಂದೇ ಕಣ್ಣು.

ಬಣ್ಣ, ಬ್ರಷ್

ತೈಲವರ್ಣ ಆದರೆ ಒಳ್ಳೆಯದು, ಅಕ್ರಿಲಿಕ್ ಆದರೂ ಸರಿ. 12 ಇಂಚು ಅಗಲ 10 ಇಂಚು ಎತ್ತರದ ಕ್ಯಾನ್ವಾಸ್ ಬೋರ್ಡ್‌ಗಿಂತ ಚಿಕ್ಕದು ಬೇಡ. ಚಪ್ಪಟೆ ಬ್ರಷ್ 6, 8, 10. ಸಣ್ಣ ಚೂಪು ಬ್ರಷ್ ಮನೆಯಲ್ಲಿದ್ದರೆ ಯಾರಿಗಾದರೂ ಕೊಟ್ಟುಬಿಡಿ.

1904ರಲ್ಲಿ ಎಕ್ಸ್‌ಗೆ ಹೋದ ಚಿತ್ರಕಾರ ಎಮಿಲ್ ಬರ್ನಾರ್ ಸೆಜಾನ್‌ನ ಪ್ಯಾಲೆಟ್ಟಿನ (ಬಣ್ಣ ಕಲಸುವ ಹಲಗೆಯ) ಬಣ್ಣಗಳ ಉದ್ದ ಪಟ್ಟಿಯನ್ನೇ ಬರೆದಿಟ್ಟಿದ್ದಾನೆ. ಹಳದಿಯಲ್ಲೇ ಐದು ಬಗೆ, ಕೆಂಪಿನಲ್ಲಿ ಇನ್ನೂ ಜಾಸ್ತಿ, ಹಸಿರು ಮೂರು, ನೀಲಿ ಮೂರು. ನಮಗೆ ಅಷ್ಟು ಬೇಡ. ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕಿತ್ತಳೆಗೆಂಪು), ಕ್ರಿಮ್ಸನ್ (ಕಡುಗೆಂಪು), ಬರ್ನ್ಟ್ ಸಿಯೆನ್ನಾ (ಕೆಂಗಂದು), ವಿರಿಡಿಯನ್ (ತಣ್ಣನೆ ಹಸಿರು), ಅಲ್ಟ್ರಾಮರೀನ್ (ಗಾಢ ನೀಲಿ), ಬಿಳಿ. ಎಂಟು ಟ್ಯೂಬ್. ಬರ್ನಾರ್‌ನ ಪಟ್ಟಿಯಲ್ಲಿ ಒಂದು ಕಪ್ಪೂ ಇದೆ, ಆದರೂ ನೀವು ಮೊದಲ ಚಿತ್ರಕ್ಕೆ ಕಪ್ಪು ಟ್ಯೂಬ್ ತೆಗೆಯಲೇಬೇಡಿ. ಕೈಗೆ ಸಿಕ್ಕಿದರೆ ನೆರಳಿಗೆಲ್ಲ ಅದನ್ನೇ ಬಳಿಯುತ್ತೇವೆ. ಬಾಟಲಿಯ ಗಾಢ ಬಣ್ಣಕ್ಕೆ ಅಲ್ಟ್ರಾಮರೀನ್, ವಿರಿಡಿಯನ್, ಕ್ರಿಮ್ಸನ್ ಕಲಸಿ. ಕಪ್ಪಿಗಿಂತ ಚೆನ್ನಾಗಿ ಬರುತ್ತದೆ.

ಗೆರೆ: ಒಂದಲ್ಲ, ಮೂರು

ಪೆನ್ಸಿಲ್ ಬೇಡ, ರಬ್ಬರ್ ಬೇಡ. ಅಲ್ಟ್ರಾಮರೀನನ್ನು ನೀರಿನಂತೆ ತೆಳು ಮಾಡಿ ಬ್ರಷ್ಷಿನಲ್ಲೇ ಗೆರೆ ಹಾಕಿ. ಮೊದಲು ಬಾಟಲಿ, ಅದು ಚಿತ್ರದ ಕಂಬ. ಆಮೇಲೆ ಬುಟ್ಟಿಯ ಬಾಯಿ, ಬಟ್ಟೆಯ ದೊಡ್ಡ ತ್ರಿಕೋನ, ಕೊನೆಗೆ ಹಣ್ಣು.

ಸೇಬಿನ ಅಂಚು ಹಾಕಿದಿರಿ. ಮತ್ತೆ ನೋಡಿದರೆ ಅದು ಸ್ವಲ್ಪ ಎಡಕ್ಕಿದೆ ಅನ್ನಿಸುತ್ತದೆ. ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಇನ್ನೊಂದು ಗೆರೆ ಹಾಕಿ. ಇನ್ನೊಂದು ಸಲ ನೋಡಿ, ಇನ್ನೊಂದು. ಸೆಜಾನ್‌ನ ಸೇಬುಗಳ ಸುತ್ತ ನೀಲಿ ಗೆರೆ ಎರಡು ಮೂರು ಸಲ ಬಂದು, ಅಲ್ಲಲ್ಲಿ ತುಂಡಾಗಿರುವುದನ್ನು ದೊಡ್ಡದು ಮಾಡಿ ನೋಡಿ. ಒಂದೇ ಗಟ್ಟಿ ಗೆರೆ ಎಳೆದರೆ ಹಣ್ಣು ಅಲ್ಲೇ ಸತ್ತುಹೋಗುತ್ತದೆ.

ಮೇಜಿನ ಅಂಚಿಗೆ ಒಂದು ಉಪಾಯ. ಎಡಗಡೆಯ ಅಂಚನ್ನು ನಿಮ್ಮ ಜಾಗದಲ್ಲೇ ಕೂತು ಬಿಡಿಸಿ. ಆಮೇಲೆ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ, ಬಲಗಡೆಯ ಅಂಚನ್ನೂ ತಟ್ಟೆಯನ್ನೂ ಬಿಡಿಸಿ. ಎರಡೂ ಕೂಡುವುದಿಲ್ಲ. ಕೂಡಿಸಲು ಹೋಗಬೇಡಿ. ಬಟ್ಟೆ ಅಲ್ಲಿ ಇಳಿಬಿದ್ದಿದೆ, ನೋಡಿಕೊಳ್ಳುತ್ತದೆ.

ಒಂದೇ ಒಂದು ಸೇಬು

ಮೂರನೇ ದಿನ ಬಣ್ಣ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಒಂದು ಸೇಬನ್ನು ಮಾತ್ರ ಹಿಡಿದು ನಿಧಾನವಾಗಿ ಹೇಳುತ್ತೇನೆ.

ಶಾಲೆಯಲ್ಲಿ ನಾವು ಕಲಿತದ್ದು: ಕೆಂಪು ಬಳಿ, ನೆರಳಿಗೆ ಕಪ್ಪು ಸೇರಿಸು, ಬೆಳಕಿಗೆ ಬಿಳಿ ಸೇರಿಸು, ಉಜ್ಜಿ ನುಣುಪು ಮಾಡು. ಸೆಜಾನ್ ಹಾಗೆ ಮಾಡುವುದಿಲ್ಲ. ಹಣ್ಣು ದುಂಡಗೆ ತಿರುಗಿದ ಹಾಗೆ ಬಣ್ಣವನ್ನೇ ಬದಲಾಯಿಸುತ್ತಾನೆ. ಹಳದಿ, ಕಿತ್ತಳೆ, ಕೆಂಪು, ಕಡುಗೆಂಪು, ನೇರಳೆ, ನೀಲಿ. ಬಿಸಿ ಬಣ್ಣ ಮುಂದೆ ಬರುತ್ತದೆ, ತಣ್ಣನೆ ಬಣ್ಣ ಹಿಂದೆ ಸರಿಯುತ್ತದೆ. ಸಂಗೀತ ಗೊತ್ತಿದ್ದವರಿಗೆ ಹೇಳಬೇಕೆಂದರೆ, ದನಿ ಜೋರು ಮೆಲ್ಲಗೆ ಮಾಡುವುದಲ್ಲ, ಸ್ವರವನ್ನೇ ಬದಲಾಯಿಸುವುದು.

ಬರ್ನಾರ್‌ಗೆ ಬರೆದ ಪತ್ರಗಳಲ್ಲಿ ಸೆಜಾನ್ ಎರಡು ಮಾತು ಹೇಳಿದ್ದಾನೆ. ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳ ಮೂಲಕ ನೋಡು ಅನ್ನುವುದು ಒಂದು. ಅದು 1904ರ ಏಪ್ರಿಲ್‌ನದು, ಎಲ್ಲರೂ ಅದನ್ನೇ ಹೇಳುತ್ತಾರೆ. ಅದೇ ವರ್ಷ ಜುಲೈನಲ್ಲಿ ಬರೆದ ಇನ್ನೊಂದು ಮಾತು ನಮಗೆ ಇನ್ನೂ ಹೆಚ್ಚು ಉಪಯೋಗ: ಕಿತ್ತಳೆ, ಸೇಬು, ಚೆಂಡು, ತಲೆ, ಯಾವುದೇ ಇರಲಿ, ನಮ್ಮ ಕಣ್ಣಿಗೆ ತೀರಾ ಹತ್ತಿರದ ಒಂದು ಬಿಂದು ಇರುತ್ತದೆ, ಅಂಚುಗಳು ಅಲ್ಲಿಂದ ದೂರ ಓಡುತ್ತವೆ.

ಆ ಬಿಂದು ಹುಡುಕಿ. ಅದು ಹೊಳೆಯುವ ಜಾಗ ಅಲ್ಲ, ಗಮನಿಸಿ. ಕೈ ಚಾಚಿದರೆ ಸೇಬಿನಲ್ಲಿ ಮೊದಲು ಬೆರಳಿಗೆ ಸಿಗುವ ಜಾಗ.

ಅಲ್ಲಿ ಹಳದಿಗೆ ಸ್ವಲ್ಪ ವರ್ಮಿಲಿಯನ್ ಸೇರಿಸಿ, ಹೆಬ್ಬೆರಳಿನ ಉಗುರಿನಷ್ಟು ಒಂದು ತೇಪೆ ಹಾಕಿ. ಬ್ರಷ್ ಎತ್ತಿ. ಮತ್ತೆ ಮುಟ್ಟಬೇಡಿ. ಕಿಟಕಿಯ ಕಡೆ, ಅದರ ಪಕ್ಕದಲ್ಲಿ ಲೆಮನ್ ಯೆಲ್ಲೋಗೆ ಕಣ್ಣಿಗೆ ಕಾಣದಷ್ಟು ವಿರಿಡಿಯನ್ ಮತ್ತು ಬಿಳಿ. ನೆರಳಿನ ಕಡೆ ಬರೀ ವರ್ಮಿಲಿಯನ್, ಏನೂ ಸೇರಿಸದೆ. ಅದರಾಚೆ ಕ್ರಿಮ್ಸನ್ ಜೊತೆ ಓಕರ್. ಇನ್ನೂ ಆಚೆ, ಹಣ್ಣು ತಿರುಗಿ ಮರೆಯಾಗುವ ಕಡೆ, ಕ್ರಿಮ್ಸನ್ ಜೊತೆ ಅಲ್ಟ್ರಾಮರೀನ್, ಚೂರು ಬಿಳಿ. ಈಗ ಕಣ್ಣು ಅರ್ಧ ಮುಚ್ಚಿ ಸೇಬಿನ ಬುಡ ನೋಡಿ. ಅಲ್ಲಿ ಕಪ್ಪಿಲ್ಲ. ಬಿಳಿ ಬಟ್ಟೆಯ ಬೆಳಕು ತಿರುಗಿ ಬಡಿದು ಬೂದು ಹಸಿರೋ ತಿಳಿ ನೀಲಿಯೋ ಕಾಣುತ್ತದೆ. ಅದನ್ನು ಹಾಕಿದ ಕೂಡಲೇ ಸೇಬು ದುಂಡಗಾಗುತ್ತದೆ. ನನಗೆ ಮೊದಲ ಸಲ ಹೀಗಾದಾಗ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ, ಅಷ್ಟು ಖುಷಿ.

ಏಳೆಂಟು ತೇಪೆಗೆ ಒಂದು ಸೇಬು ಮುಗಿಯಬೇಕು. ಬೆರಳಿನಿಂದ ಉಜ್ಜಬೇಡಿ. ತೇಪೆಗಳ ನಡುವೆ ಬಿರುಕು ಉಳಿದರೆ ಉಳಿಯಲಿ. ಬ್ರಷ್ಷಿನ ಗೀರುಗಳು ಒಂದೇ ಓರೆಯಲ್ಲಿ, ಪಕ್ಕಪಕ್ಕದಲ್ಲಿ ಬರಲಿ. ಹಣ್ಣಿನ ದುಂಡಿಗೆ ತಕ್ಕ ಹಾಗೆ ಬ್ರಷ್ ಸುತ್ತಿಸಿದರೆ ಬಲೂನ್ ಆಗುತ್ತದೆ.

ಇನ್ನೊಂದು ಅಭ್ಯಾಸ: ಒಂದೇ ಸೇಬನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಒಂದು ಕೆಂಪು ತೇಪೆ ಹಾಕಿದ ಮೇಲೆ ಅದೇ ಬಣ್ಣ ಇನ್ನೆಲ್ಲಿದೆ ನೋಡಿ. ಬುಟ್ಟಿಯ ನೆರಳಿನಲ್ಲಿ ಇರಬಹುದು, ಮೇಜಿನ ಅಂಚಿನಲ್ಲಿ ಇರಬಹುದು. ಅಲ್ಲೂ ಒಂದು ಇಡಿ. ಇಡೀ ಚಿತ್ರ ಒಟ್ಟಿಗೇ ಬೇಯಬೇಕು, ಅನ್ನದ ಹಾಗೆ.

ಬಿಳಿ ಬಟ್ಟೆಯಲ್ಲಿ ಬಿಳಿ ಕಡಿಮೆ

ಬಟ್ಟೆಗೆ ಟ್ಯೂಬಿನ ಬಿಳಿಯನ್ನು ನೇರ ಹಚ್ಚಿದರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ನೆರಿಗೆಯ ನೆರಳು ನೀಲಿ ಬೂದು, ಸೇಬಿನ ಹತ್ತಿರ ತಿಳಿ ಗುಲಾಬಿ, ಮೇಜಿನ ಹತ್ತಿರ ಓಕರ್, ಬಾಟಲಿಯ ಹತ್ತಿರ ಹಸಿರು. ಬರೀ ಬಿಳಿ ಎರಡು ಮೂರು ಕಡೆ ಮಾತ್ರ, ನೆರಿಗೆಯ ತುದಿಯಲ್ಲಿ. ಮೇಜಿಗೆ ಸಿಯೆನ್ನಾ, ಓಕರ್, ಸ್ವಲ್ಪ ನೀಲಿ. ಗೋಡೆಗೆ ನೀಲಿ ಬೂದು, ಅದರಲ್ಲಿ ಸೇಬಿನ ಹಸಿರೂ ಕೆಂಪೂ ಕಂಡೂ ಕಾಣದ ಹಾಗೆ. ಹೊಸ ಬಣ್ಣ ಕಲಸಬೇಡಿ, ಪ್ಯಾಲೆಟ್ಟಿನಲ್ಲಿ ಉಳಿದ ಕೊಚ್ಚೆಯೇ ಗೋಡೆಗೆ ಸರಿಹೊಂದುತ್ತದೆ.

ನಾಲ್ಕನೇ ದಿನದ ಗಾಬರಿ

ನಾಲ್ಕನೇ ದಿನ ಬಂದು ಕೂತಾಗ ಚಿತ್ರವೇ ತಪ್ಪಾಗಿದೆ ಅನ್ನಿಸುತ್ತದೆ. ಬುಟ್ಟಿ ನಿನ್ನೆಗಿಂತ ಅಗಲ ಕಾಣುತ್ತದೆ, ಬಾಟಲಿ ವಾಲಿದೆ. ಇದು ಆಗಲೇಬೇಕು. ನೀವು ಕೂತ ರೀತಿ ಬೇರೆ, ಬೆಳಕು ಬೇರೆ, ಸೇಬೂ ಒಂದು ಚೂರು ಸುಕ್ಕಾಗಿದೆ. ಹಳೆಯದನ್ನೆಲ್ಲ ಬಳಿದು ಮುಚ್ಚಬೇಡಿ. ಇವತ್ತು ಕಂಡದ್ದನ್ನು ನಿನ್ನೆಯದರ ಪಕ್ಕದಲ್ಲಿ ಇಡಿ, ಆಮೇಲೆ ನೆರೆಹೊರೆಯನ್ನು ಸರಿಮಾಡಿ.

ಸೊಟ್ಟ ಎಷ್ಟಾದರೆ ಜಾಸ್ತಿ ಆಯಿತು? ಚಿತ್ರವನ್ನು ತಲೆಕೆಳಗೆ ಮಾಡಿ ದೂರದಿಂದ ನೋಡಿ, ಇಲ್ಲವೇ ಕನ್ನಡಿಯಲ್ಲಿ ನೋಡಿ. ಎಲ್ಲವೂ ಒಂದೇ ಕಡೆ ಜಾರುತ್ತಿದ್ದರೆ ತೂಕ ತಪ್ಪಿದೆ. ಶಿಕಾಗೋ ಚಿತ್ರದಲ್ಲಿ ಬಾಟಲಿ ಎಡಕ್ಕೆ ವಾಲಿದರೆ, ಬಲಗಡೆ ತಟ್ಟೆಯಲ್ಲಿ ಬಿಸ್ಕತ್ತಿನ ರಾಶಿ ಎದ್ದು ನಿಂತಿದೆ. ಬುಟ್ಟಿ ಮುಂದಕ್ಕೆ ಸುರಿಯುತ್ತಿದ್ದರೆ, ಬಟ್ಟೆಯ ನೆರಿಗೆ ಹಣ್ಣುಗಳನ್ನು ತಡೆದು ಹಿಡಿದಿದೆ. ಒಂದು ಬೀಳುವುದನ್ನು ಇನ್ನೊಂದು ತಡೆಯಬೇಕು. ನಿಮ್ಮ ಚಿತ್ರದಲ್ಲಿ ತಡೆಯುವವರು ಯಾರೂ ಇಲ್ಲ ಅಂದರೆ ಒಂದು ಸೇಬು ಸೇರಿಸಿ. ಮೇಜಿನ ಮೇಲೂ ಇಟ್ಟು, ಆಮೇಲೆ ಬಿಡಿಸಿ.

ಸೇಬು ಚಪ್ಪಟೆ ಕಂಡರೆ ಬುಡದ ತಣ್ಣನೆ ಬಣ್ಣ ಬಿಟ್ಟುಹೋಗಿದೆ. ಎಲ್ಲ ಕೆಸರಾದರೆ ಬ್ರಷ್ ತೊಳೆಯದೆ ಮುಂದಿನ ತೇಪೆ ಹಾಕಿದ್ದೀರಿ. ಹಣ್ಣು ಗಾಳಿಯಲ್ಲಿ ತೇಲಿದರೆ ಅದರ ಕೆಳಗಿನ ನೆರಳಿನ ಗೆರೆಗೆ ಇನ್ನಷ್ಟು ನೀಲಿ ಕೊಡಿ.

ಎಲ್ಲಿ ನಿಲ್ಲಿಸುವುದು

ಯಾವ ಜಾಗದ ಬಣ್ಣ ಗೊತ್ತಾಗುವುದಿಲ್ಲವೋ ಅಲ್ಲಿ ಕ್ಯಾನ್ವಾಸ್ ಖಾಲಿ ಬಿಡಿ. ಸೆಜಾನ್ ಅಂಥ ಖಾಲಿ ಜಾಗಗಳನ್ನು ಎಷ್ಟೋ ಚಿತ್ರಗಳಲ್ಲಿ ಬಿಟ್ಟಿದ್ದಾನೆ. 115 ಸಲ ಕೂರಿಸಿದ ವೊಲಾರ್ ಚಿತ್ರವನ್ನೂ ಅರ್ಧಕ್ಕೇ ಬಿಟ್ಟು, ಅಂಗಿಯ ಎದೆಭಾಗ ಪರವಾಗಿಲ್ಲ ಅಂದನಂತೆ. ನಮಗೆ ಒಂದು ಸೇಬಾದರೂ ಪರವಾಗಿಲ್ಲ ಅನ್ನಿಸಿದರೆ ಆ ಚಿತ್ರ ನಿಲ್ಲಿಸಬಹುದು.

ಮೇಜು ಮಾತ್ರ ಆಗಲೇ ಖಾಲಿ ಮಾಡಬೇಡಿ. 1899ರ ಸುಮಾರಿಗೆ ಸೆಜಾನ್ ತನ್ನ ಪ್ಯಾರಿಸ್ ಸ್ಟುಡಿಯೋದಲ್ಲಿ ಅವೇ ಸಾಮಾನು ಇಟ್ಟುಕೊಂಡು ಆರು ಚಿತ್ರ ಮಾಡಿದ. ಓರ್ಸೆಯಲ್ಲಿರುವ 'ಸೇಬು ಮತ್ತು ಕಿತ್ತಳೆ' ಅವುಗಳಲ್ಲಿ ಒಂದು. ನೀವೂ ಬುಟ್ಟಿಯನ್ನು ಬಲಕ್ಕೆ, ಬಾಟಲಿಯನ್ನು ಹಿಂದಕ್ಕೆ ಇಟ್ಟು ಇನ್ನೊಂದು ಬೋರ್ಡ್ ತೆಗೆಯಿರಿ. ಈ ಸಲ ಗೆರೆಗೆ ಅರ್ಧ ಗಂಟೆ ಸಾಕಾಗುತ್ತದೆ. ಮೆತ್ತಗಾದ ಸೇಬನ್ನು ಹಿಂದಿನ ಸಾಲಿಗೆ ಹಾಕಿ, ಅದರ ಕಂದು ಬಣ್ಣ ಚೆನ್ನಾಗಿರುತ್ತದೆ. ಕೊನೆಗೆ ಎಲ್ಲ ಎತ್ತಿಡುವಾಗ ನಾಣ್ಯ ಎಣಿಸಿಕೊಳ್ಳಿ. ಹಣ್ಣಿನ ರಸಕ್ಕೆ ಮರಕ್ಕೇ ಅಂಟಿಕೊಂಡಿರುತ್ತವೆ. ನನ್ನ ಮೇಜಿನ ಮೇಲೆ ಐದು ರೂಪಾಯಿ ಗಾತ್ರದ ಒಂದು ದುಂಡು ಕಲೆ ಇನ್ನೂ ಇದೆ.